ಇಟಲಿಯ ಗಿಡಕ್ಕೆ ಸ್ವೀಡನ್ನಿನ ಚಳಿ: ಒಂದು ಕೆಟ್ಟ ಜೀನಿನ ಪ್ರಕರಣ

ರೋಮ್ ನಗರದ ಉತ್ತರಕ್ಕೆ ಸ್ವಲ್ಪ ದೂರದಲ್ಲಿ ಕಾಸ್ಟೆಲ್‌ನುವೊವೊ ದಿ ಪೋರ್ತೊ ಅಂತ ಒಂದು ಊರಿದೆ. ಭೂಪಟದಲ್ಲಿ ಅಲ್ಲಿಂದ ಬೆರಳನ್ನು ಮೇಲೆ ಮೇಲೆ ಸರಿಸುತ್ತಾ ಹೋಗಿ. 62 ಡಿಗ್ರಿ ಅಕ್ಷಾಂಶ ದಾಟಿದ ಮೇಲೆ ಸ್ವೀಡನ್ನಿನ ರೋಡೋಸೆನ್ ಎಂಬ ಜಾಗ ಸಿಗುತ್ತದೆ. ಎರಡೂ ಕಡೆ ಒಂದೇ ಜಾತಿಯ ಪುಟ್ಟ ಕಳೆಗಿಡ ತಾನಾಗಿ ಬೆಳೆಯುತ್ತದೆ. ಹೆಸರು ಅರಬಿಡಾಪ್ಸಿಸ್ ಥಾಲಿಯಾನ. ನೆಲಕ್ಕೆ ಅಂಟಿಕೊಂಡ ಎಲೆಗಳ ಒಂದು ಚಕ್ರ, ನಡುವಿನಿಂದ ಏಳುವ ತೆಳ್ಳನೆ ಕಾಂಡ, ತುದಿಯಲ್ಲಿ ನಾಲ್ಕೇ ದಳದ ಬಿಳಿ ಹೂ. ಸಾಸಿವೆ, ಮೂಲಂಗಿ, ಹೂಕೋಸು ಎಲ್ಲ ಇದರ ದಾಯಾದಿಗಳು. ಸಾರಿಗೂ ಬಾರದು, ಪೂಜೆಗೂ ಬಾರದು. ಆದರೆ ವಿಜ್ಞಾನಿಗಳು ಇದರ ಬೆನ್ನು ಬಿದ್ದಷ್ಟು ಇನ್ಯಾವ ಗಿಡದ ಬೆನ್ನೂ ಬಿದ್ದಿಲ್ಲ. ಜೀನೋಮನ್ನು ಪೂರ್ತಿ ಓದಿದ ಮೊದಲ ಗಿಡ ಇದೇ, 2000ದಲ್ಲಿ.

ಎರಡೂ ಊರಿನ ಗಿಡಗಳು ಚಳಿಗಾಲವನ್ನು ಎಲೆಯ ರೂಪದಲ್ಲೇ ಕಳೆಯುತ್ತವೆ. ಸ್ವೀಡನ್ನಿನದು ಬೇಸಿಗೆ ಮುಗಿಯುವ ಹೊತ್ತಿಗೆ ಮೊಳೆತು, ಹಿಮದಡಿ ತಿಂಗಳುಗಟ್ಟಲೆ ಮಲಗಿ, ಮೇ ತಿಂಗಳ ಹೊತ್ತಿಗೆ ಹೂ ಬಿಡುತ್ತದೆ. ಇಟಲಿಯದು ಅಕ್ಟೋಬರ್-ನವೆಂಬರ್‌ನಲ್ಲಿ ಮೊಳೆತು, ಹದವಾದ ಚಳಿಯಲ್ಲಿ ಬೆಳೆಯುತ್ತಲೇ ಇದ್ದು, ಮಾರ್ಚ್ ಸುಮಾರಿಗೆ ಹೂವಿಗೆ ಬರುತ್ತದೆ. ಇಟಲಿಯಲ್ಲಿ ಮಣ್ಣು ಹೆಪ್ಪುಗಟ್ಟುವುದು ಅಪರೂಪ. ಸ್ವೀಡನ್ನಿನಲ್ಲಿ ಅದು ಪ್ರತಿ ವರ್ಷದ ಕತೆ.

ಉಪ್ಸಲಾ ವಿಶ್ವವಿದ್ಯಾಲಯದ ಯೋನ್ ಓಗ್ರೆನ್ ಮತ್ತು ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಡಗ್ಲಾಸ್ ಶೆಮ್‌ಸ್ಕೆ ಒಂದು ಸರಳ ಕೆಲಸ ಮಾಡಿದರು. ಇಟಲಿಯ ಸಸಿಗಳನ್ನು ಸ್ವೀಡನ್ನಿನಲ್ಲೂ ಸ್ವೀಡನ್ನಿನ ಸಸಿಗಳನ್ನು ಇಟಲಿಯಲ್ಲೂ ನೆಟ್ಟರು. ಪಕ್ಕದಲ್ಲೇ ಆಯಾ ಊರಿನ ಸಸಿಗಳನ್ನೂ ಇಟ್ಟರು. ಐದು ವರ್ಷ ಇದೇ ಕೆಲಸ. ಅಳತೆಗೋಲು ಒಂದೇ: ನೆಟ್ಟ ಒಂದೊಂದು ಸಸಿಗೆ ಎಷ್ಟು ಕಾಯಿ ಸಿಕ್ಕಿತು? ಸತ್ತ ಸಸಿಗೆ ಸೊನ್ನೆ.

2012ರಲ್ಲಿ ಪ್ರಕಟವಾದ ಲೆಕ್ಕ ಹೀಗಿತ್ತು: ಎರಡೂ ಕಡೆ ಊರಿನ ಗಿಡವೇ ಗೆದ್ದಿತು. ಅದರಲ್ಲೇನು ವಿಶೇಷ ಅನ್ನಿಸಬಹುದು. ವಿಶೇಷ ಇರುವುದು ಸೋಲಿನ ಅಳತೆಯಲ್ಲಿ. ಸ್ವೀಡನ್ನಿನಲ್ಲಿ ಇಟಲಿಯ ಗಿಡ ಎಷ್ಟು ಸೋಲುತ್ತದೆ ಅನ್ನುವುದು ವರ್ಷದಿಂದ ವರ್ಷಕ್ಕೆ ಬದಲಾಗುತ್ತಿತ್ತು. ಆ ಬದಲಾವಣೆ ಆ ಚಳಿಗಾಲದಲ್ಲಿ ಮಣ್ಣಿನ ಉಷ್ಣತೆ ಎಷ್ಟು ಕೆಳಗೆ ಇಳಿದಿತ್ತು ಅನ್ನುವುದಕ್ಕೆ ತಾಳೆಯಾಗುತ್ತಿತ್ತು. ಮಣ್ಣು ಜಾಸ್ತಿ ಕೊರೆದ ವರ್ಷ ಇಟಲಿಯ ಗಿಡ ನೆಲ ಕಚ್ಚಿತು. ಮೆದುವಾದ ಚಳಿಯಿದ್ದ ವರ್ಷ ಹೇಗೋ ಪಾರಾಯಿತು.

ಹಾಗಾದರೆ ಸ್ವೀಡನ್ನಿನ ಗಿಡಕ್ಕೆ ಗೊತ್ತಿದ್ದು ಇಟಲಿಯ ಗಿಡಕ್ಕೆ ಗೊತ್ತಿಲ್ಲದ್ದು ಏನು? ಪ್ರಕರಣ ಶುರುವಾಗುವುದು ಇಲ್ಲಿಂದ.

ಚಳಿಗಾಲದ ಆಲೆಮನೆ

ಚಳಿ ಅಂದ ಕೂಡಲೇ ನಮ್ಮ ತಲೆಗೆ ಬರುವುದು ಹೆಪ್ಪುಗಟ್ಟುವ ನೀರು. ಎಲೆಗೆ ಅದಕ್ಕಿಂತ ಮೊದಲೇ, ಸೊನ್ನೆಗಿಂತ ಎಷ್ಟೋ ಮೇಲೆ ಇರುವಾಗಲೇ, ಬೇರೆ ಒಂದು ತೊಂದರೆ ಎದುರಾಗುತ್ತದೆ. ಅದು ಬಿಸಿಲಿನದು.

ಆಲೆಮನೆ ನೋಡಿದವರಿಗೆ ಇದನ್ನು ಹೇಳುವುದು ಸುಲಭ. ಒಂದು ಕಡೆ ಗಾಣಕ್ಕೆ ಕಬ್ಬು ಕೊಡುತ್ತಿರುತ್ತಾರೆ, ಹಾಲು ಇಳಿಯುತ್ತಿರುತ್ತದೆ. ಇನ್ನೊಂದು ಕಡೆ ಕೊಪ್ಪರಿಗೆಯಲ್ಲಿ ಅದು ಕುದಿಯುತ್ತಿರುತ್ತದೆ. ಪಾಕ ಬಂದ ಮೇಲೆ ಅಚ್ಚಿಗೆ ಹುಯ್ಯುತ್ತಾರೆ, ಬೆಲ್ಲ ತೆಗೆದು ಖಾಲಿ ಅಚ್ಚನ್ನು ಮತ್ತೆ ತಂದು ಸಾಲಾಗಿ ಇಡುತ್ತಾರೆ. ಎಲೆಯೊಳಗೂ ಹೀಗೇ. ಪತ್ರಹರಿತ್ತು ಬೆಳಕನ್ನು ಹೀರಿ ಎಲೆಕ್ಟ್ರಾನುಗಳನ್ನು ಎತ್ತಿ ಕೊಡುವುದು ಗಾಣದ ಕೆಲಸ. ಇಂಗಾಲದ ಡೈಆಕ್ಸೈಡನ್ನು ಸಕ್ಕರೆ ಮಾಡುವ ಕಿಣ್ವಗಳು ಕೊಪ್ಪರಿಗೆ. ಈಗ ಚಳಿ ಬಂತು ಅನ್ನಿ. ಬೆಳಕು ಹೀರುವುದಕ್ಕೆ ಚಳಿ-ಸೆಕೆಯ ಹಂಗಿಲ್ಲ, ಅದು ನಡೆಯುತ್ತಲೇ ಇರುತ್ತದೆ. ಕಿಣ್ವಗಳ ಕತೆ ಹಾಗಲ್ಲ. ಉಷ್ಣತೆ 10 ಡಿಗ್ರಿ ಇಳಿದರೆ ಅವುಗಳ ವೇಗ ಹೆಚ್ಚುಕಡಿಮೆ ಅರ್ಧಕ್ಕೆ ಬೀಳುತ್ತದೆ. ಗಾಣ ನಿಲ್ಲದು, ಒಲೆ ಉರಿಯದು. ಹಾಲು ತುಂಬಿ ಹರಿದು ಹುಳಿ ಬರುತ್ತದೆ.

ಎಲೆಯಲ್ಲಿ ಈ ಹುಳಿ ಅಂದರೆ, ಹೋಗಲು ದಾರಿಯಿಲ್ಲದ ಎಲೆಕ್ಟ್ರಾನುಗಳು ಆಮ್ಲಜನಕದ ಮೇಲೆ ಬಿದ್ದು ಹುಟ್ಟುವ ಉಗ್ರ ಅಣುಗಳು. ಸಿಕ್ಕಿದ್ದನ್ನೆಲ್ಲ ಅವು ಸುಡುತ್ತವೆ. ಮುಖ್ಯವಾಗಿ ಪೆಟ್ಟು ಬೀಳುವುದು ನೀರನ್ನು ಸೀಳುವ ಎರಡನೇ ಬೆಳಕಿನ ವ್ಯವಸ್ಥೆಗೆ, ಅಂದರೆ ಫೋಟೋಸಿಸ್ಟಮ್-2ಕ್ಕೆ. ಬೆಳಗಿನ ಜಾವದ ಕೊರೆಯುವ ಚಳಿ, ಹಿಂದೆಯೇ ನಿಚ್ಚಳ ಬಿಸಿಲು: ಎಲೆಗೆ ಇದಕ್ಕಿಂತ ಕೆಟ್ಟ ಜೋಡಿ ಇಲ್ಲ.

ಮೊದಲ ಉಪಾಯ, ಹೆಚ್ಚಾದ ಹಾಲನ್ನು ಚೆಲ್ಲಿಬಿಡುವುದು. ಹೀರಿದ ಬೆಳಕನ್ನು ಬಿಸಿಯಾಗಿ ಹೊರಗೆ ಬಿಡುವ ಒಂದು ಕವಾಟ ಎಲೆಯಲ್ಲಿದೆ. ಇದಕ್ಕೆ ಬೇಕಾಗುವ ಬಣ್ಣ ಝಿಯಾಕ್ಸಾಂಥಿನ್. ಮುಸುಕಿನ ಜೋಳದ ಕಾಳಿಗೆ ಹಳದಿ ಕೊಡುವ ಬಣ್ಣಗಳಲ್ಲಿ ಇದೂ ಒಂದು. ಬಿಸಿಲು ಜೋರಾದಾಗ ವಯೋಲಾಕ್ಸಾಂಥಿನ್ ಎಂಬ ಅದರ ಜೊತೆಗಾರ ಝಿಯಾಕ್ಸಾಂಥಿನ್ ಆಗಿ ಮಾರ್ಪಡುತ್ತದೆ, ಬಿಸಿಲು ಇಳಿದಾಗ ವಾಪಸ್ ತಿರುಗುತ್ತದೆ. ಈ ಬಣ್ಣಕ್ಕೂ ಬೆಳಕನ್ನು ಚೆಲ್ಲುವುದಕ್ಕೂ ನಂಟಿದೆ ಎಂದು ಬಾರ್ಬರಾ ಡೆಮಿಗ್ ಮತ್ತು ಜೊತೆಗಾರರು 1987ರಲ್ಲಿ ತೋರಿಸಿದರು. ಪೈನ್‌ನಂತಹ ನಿತ್ಯಹಸಿರು ಮರಗಳು ಚಳಿಗಾಲವಿಡೀ ಈ ಕವಾಟವನ್ನು ತೆರೆದೇ ಇಡುತ್ತವೆ. ಸೂಜಿ ಎಲೆ ಹಸಿರಾಗಿ ಕಾಣುತ್ತದೆ, ಒಳಗೆ ಅಂಗಡಿ ಬಂದ್.

ನಮ್ಮ ಪುಟ್ಟ ಕಳೆಗಿಡಕ್ಕೆ ಅಂಗಡಿ ಮುಚ್ಚಿ ಕೂರುವ ಪುರುಸೊತ್ತಿಲ್ಲ. ಅದರದು ಒಂದೇ ವರ್ಷದ ಬಾಳು. ಚಳಿಯಲ್ಲೂ ಸಕ್ಕರೆ ಮಾಡಬೇಕು. ಅದಕ್ಕೇ ಎರಡನೇ ಉಪಾಯ: ಕೊಪ್ಪರಿಗೆಗಳನ್ನು ಜಾಸ್ತಿ ಮಾಡುವುದು.

ಇದನ್ನು ಚೆನ್ನಾಗಿ ತೋರಿಸಿದ್ದು ಸ್ವೀಡನ್ನಿನ ಊಮಿಯೋ ವಿಶ್ವವಿದ್ಯಾಲಯದ ಓಸಾ ಸ್ಟ್ರಾಂಡ್, ವಾನ್ ಹರಿ ಮತ್ತು ಜೊತೆಗಾರರು, 1990ರ ದಶಕದ ಕೊನೆಯಲ್ಲಿ. 23 ಡಿಗ್ರಿಯಲ್ಲಿ ಬೆಳೆದ ಗಿಡವನ್ನು 5 ಡಿಗ್ರಿಗೆ ಇಟ್ಟರು. ದ್ಯುತಿಸಂಶ್ಲೇಷಣೆ ಕುಸಿಯಿತು. ಕಾರಣ ಬರೀ ಕಿಣ್ವದ ನಿಧಾನವಲ್ಲ, ಅಚ್ಚಿನ ಕೊರತೆಯೂ ಹೌದು. ಎಲೆಯಲ್ಲಿ ಈ ಅಚ್ಚು ಅಂದರೆ ಫಾಸ್ಫೇಟ್. ಸಕ್ಕರೆಯ ಮಧ್ಯಂತರ ರೂಪಗಳು ಫಾಸ್ಫೇಟನ್ನು ಹಿಡಿದುಕೊಂಡು ಕೂತುಬಿಡುತ್ತವೆ. ಬೆಲ್ಲ ತೆಗೆಯದ ಅಚ್ಚುಗಳು ರಾಶಿ ಬಿದ್ದಿವೆ, ಹೊಸ ಪಾಕ ಹುಯ್ಯಲು ಖಾಲಿ ಅಚ್ಚಿಲ್ಲ. ಫಾಸ್ಫೇಟ್ ಕ್ಲೋರೋಪ್ಲಾಸ್ಟಿಗೆ, ಅಂದರೆ ಕೋಶದೊಳಗೆ ಪತ್ರಹರಿತ್ತು ಇರುವ ಪುಟ್ಟ ಚೀಲಕ್ಕೆ, ವಾಪಸ್ ಬಾರದಿದ್ದರೆ ಈ ಕೆಲಸಕ್ಕೆ ಶಕ್ತಿ ಕೊಡುವ ಎಟಿಪಿ ತಯಾರಾಗದು, ಇಡೀ ಸಾಲು ನಿಲ್ಲುತ್ತದೆ. ಸಕ್ಕರೆ ತುಂಬಿಕೊಂಡಿದ್ದನ್ನು ನೋಡಿ ಎಲೆ ದ್ಯುತಿಸಂಶ್ಲೇಷಣೆಯ ಜೀನುಗಳನ್ನೂ ತಗ್ಗಿಸುತ್ತದೆ. ‘ಮಾಲು ಸಾಕಷ್ಟಿದೆ, ಇನ್ನು ಬೇಡ’ ಅಂದ ಹಾಗೆ.

ಆಮೇಲೆ ನಡೆದದ್ದು ಮಜಾ. ಅದೇ ಗಿಡ 5 ಡಿಗ್ರಿಯಲ್ಲೇ ಹೊಸ ಎಲೆ ಬಿಟ್ಟಿತು. ಆ ಎಲೆಗಳಲ್ಲಿ ತಗ್ಗಿದ್ದ ಜೀನುಗಳು ಮತ್ತೆ ಮೇಲೆದ್ದವು. ಇಂಗಾಲದ ಡೈಆಕ್ಸೈಡನ್ನು ಹಿಡಿಯುವ ರುಬಿಸ್ಕೋ ಮುಂತಾದ ಕಿಣ್ವಗಳು ಜಾಸ್ತಿಯಾದವು, ಸುಕ್ರೋಸ್ ತಯಾರಿಸುವ ಕಿಣ್ವಗಳು ಇನ್ನೂ ಜಾಸ್ತಿ. ಜೀವಕೋಶದ ನಡುವೆ ನೀರು ತುಂಬಿಕೊಂಡು ಜಾಗ ಹಿಡಿದಿದ್ದ ರಸಧಾನಿ ಪಕ್ಕಕ್ಕೆ ಸರಿದು, ಕೆಲಸ ನಡೆಯುವ ಕೋಶರಸಕ್ಕೆ ಜಾಗ ಬಿಟ್ಟುಕೊಟ್ಟಿತು. ಹಳೆ ಎಲೆ ಚಳಿಯನ್ನು ತಾಳಿಕೊಳ್ಳುತ್ತದೆ, ಹೊಸ ಎಲೆ ಚಳಿಗಾಗಿಯೇ ಹುಟ್ಟಿರುತ್ತದೆ. ಬೆಲ್ಲ ಬೇಗ ಸಾಗುವುದರಿಂದ ಅಚ್ಚೂ ಬೇಗ ಖಾಲಿಯಾಗುತ್ತದೆ. ಸೇರಿಕೊಂಡ ಸಕ್ಕರೆ ಹೆಪ್ಪುಗಟ್ಟುವುದರಿಂದ ಕೋಶವನ್ನು ಕಾಯುತ್ತದೆ ಅನ್ನುವುದು ಬೋನಸ್.

ಹದಿನೈದು ನಿಮಿಷದ ಸುದ್ದಿ

ಚಳಿ ಬಂತು ಅಂತ ಜೀನುಗಳಿಗೆ ಹೇಳುವವರು ಯಾರು?

ಮಿಶಿಗನ್ ಸ್ಟೇಟ್‌ನ ಮೈಕೆಲ್ ಥೊಮಾಶೋ ಅವರ ತಂಡ 1997ರಲ್ಲಿ ಸಿಬಿಎಫ್-1 ಎಂಬ ಜೀನನ್ನು ಹಿಡಿಯಿತು. ಅದರ ಬೆನ್ನಿಗೇ ಸಿಬಿಎಫ್-2, ಸಿಬಿಎಫ್-3 ಸಿಕ್ಕವು. ಮೂರೂ ನಾಲ್ಕನೇ ಕ್ರೋಮೋಸೋಮಿನ ಮೇಲೆ ಒಂದರ ಪಕ್ಕ ಒಂದು, ಒಂದೇ ವಠಾರದ ಮನೆಗಳ ಹಾಗೆ. ಗಿಡವನ್ನು 4 ಡಿಗ್ರಿಗೆ ಇಟ್ಟ 15 ನಿಮಿಷದಲ್ಲಿ ಇವು ಎದ್ದು ಕೂರುತ್ತವೆ. ಇವು ತಾವೇ ಏನನ್ನೂ ಕಾಯುವುದಿಲ್ಲ, ಮೇಸ್ತ್ರಿಗಳಷ್ಟೇ. ಸಿ-ಸಿ-ಜಿ-ಎ-ಸಿ ಎಂಬ ಐದು ಡಿಎನ್‌ಎ ಅಕ್ಷರದ ಗುರುತು ಯಾವ ಜೀನುಗಳ ಬಾಗಿಲಲ್ಲಿದೆಯೋ ಅವನ್ನೆಲ್ಲ ಎಬ್ಬಿಸುತ್ತವೆ. ಒಂದೆರಡು ಗಂಟೆಯಲ್ಲಿ ಆ ಕೂಲಿಗಳು ಕೆಲಸಕ್ಕೆ ಇಳಿಯುತ್ತವೆ. ಅದರಲ್ಲಿ ಸಿಒಆರ್-15ಎ ಎಂಬುದು ಕ್ಲೋರೋಪ್ಲಾಸ್ಟಿನೊಳಕ್ಕೇ ಹೋಗಿ ಅದರ ಪೊರೆ ಹರಿಯದಂತೆ ನೋಡಿಕೊಳ್ಳುತ್ತದೆ.

ಈ ಮೇಸ್ತ್ರಿಗಳನ್ನು ಎಬ್ಬಿಸುವವರಲ್ಲಿ ಐಸ್-1 ಎಂಬ ಪ್ರೋಟೀನ್ ಒಂದು. 2003ರಲ್ಲಿ ಅದನ್ನು ಗುರುತಿಸಿದ ಪ್ರಬಂಧದ ಮೊದಲ ಹೆಸರು ವಿಶ್ವನಾಥನ್ ಚಿನ್ನುಸಾಮಿ ಅವರದು. ದೆಹಲಿಯ ಪೂಸಾದ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯವರು, ಆಗ ಅಮೆರಿಕದ ಜಿಯಾನ್-ಕಾಂಗ್ ಝು ಅವರ ಪ್ರಯೋಗಾಲಯದಲ್ಲಿದ್ದರು.

ಪೊರೆಯ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಡಿಸೆಂಬರ್‌ನಲ್ಲಿ ಬೆಂಗಳೂರಿನ ಮನೆಗಳಲ್ಲಿ ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಗಟ್ಟಿಯಾಗುತ್ತದೆ, ಕಡಲೆಕಾಯಿ ಎಣ್ಣೆ ಆಗುವುದಿಲ್ಲ. ಕೊಬ್ಬಿನ ಅಣುಗಳು ನೆಟ್ಟಗಿದ್ದರೆ ಒತ್ತೊತ್ತಾಗಿ ಕೂತು ಗಟ್ಟಿಯಾಗುತ್ತವೆ, ಸೊಟ್ಟಗಿದ್ದರೆ ಹಾಗೆ ಕೂರಲು ಆಗುವುದಿಲ್ಲ. ಜೀವಕೋಶದ ಪೊರೆಯೂ ಕೊಬ್ಬಿನದೇ. ಚಳಿಗೆ ಪಳಗುವ ಗಿಡ ತನ್ನ ಪೊರೆಯಲ್ಲಿ ಸೊಟ್ಟ ಅಣುಗಳನ್ನು ಹೆಚ್ಚಿಸಿಕೊಂಡು ಅದನ್ನು ಮೆತ್ತಗೆ ಇಟ್ಟುಕೊಳ್ಳುತ್ತದೆ. ಬಾಳೆಗೆ ಇಂಥ ತಯಾರಿ ಅಷ್ಟಕ್ಕಷ್ಟೇ. ಅದಕ್ಕೇ ಫ್ರಿಜ್ಜಿನಲ್ಲಿಟ್ಟ ಬಾಳೆಹಣ್ಣಿನ ಸಿಪ್ಪೆ ಕಪ್ಪಗಾಗುತ್ತದೆ, ಪಕ್ಕದಲ್ಲಿಟ್ಟ ಪಾಲಕ್ ಸೊಪ್ಪು ಹಾಯಾಗಿರುತ್ತದೆ. ಟೊಮೆಟೊ ಕತೆ ಇನ್ನೂ ಸ್ವಾರಸ್ಯ. ಅದರಲ್ಲೂ ಸಿಬಿಎಫ್ ಜೀನ್ ಇದೆ, ಚಳಿಗೆ ಏಳುತ್ತದೆ, ಅರಬಿಡಾಪ್ಸಿಸ್‌ಗೆ ಹಾಕಿದರೆ ಅಲ್ಲಿ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೂ ಟೊಮೆಟೊ ಗಿಡ ಹಿಮಕ್ಕೆ ಸಾಯುತ್ತದೆ. ಮೇಸ್ತ್ರಿ ಇದ್ದಾನೆ, ಅವನ ಮಾತು ಕೇಳುವ ಕೂಲಿಗಳು ತೀರಾ ಕಡಿಮೆ. 2004ರಲ್ಲಿ ಥೊಮಾಶೋ ತಂಡದವರೇ ಇದನ್ನು ತೋರಿಸಿದ್ದು.

ತಪ್ಪು ಸಿಕ್ಕ ಜಾಗ

ಈಗ ನಮ್ಮ ಎರಡು ಗಿಡಗಳಿಗೆ ಬರೋಣ. ಗಿಡ ಎಷ್ಟು ಚಳಿ ತಡೆಯುತ್ತದೆ ಅಂತ ಅಳೆಯುವ ಒಂದು ಹಳೆ ವಿಧಾನವಿದೆ. ಎಲೆ ಕತ್ತರಿಸಿ ಟೆಸ್ಟ್‌ಟ್ಯೂಬಿಗೆ ಹಾಕುತ್ತಾರೆ. ಟ್ಯೂಬುಗಳನ್ನು ಸೊನ್ನೆಗಿಂತ ಸ್ವಲ್ಪವೇ ಕೆಳಗಿರುವ ತಣ್ಣೀರ ತೊಟ್ಟಿಯಲ್ಲಿ ನಿಲ್ಲಿಸಿ, ಒಂದು ಚೂರು ಐಸ್ ಹಾಕುತ್ತಾರೆ. ಆ ಚೂರು ಬೇಕೇ ಬೇಕು. ಇಲ್ಲದಿದ್ದರೆ ನೀರು ಸೊನ್ನೆಗಿಂತ ಕೆಳಗೂ ಹೆಪ್ಪುಗಟ್ಟದೆ ದ್ರವವಾಗೇ ಉಳಿದು ನಮಗೆ ಮೋಸ ಮಾಡುತ್ತದೆ. ಆಮೇಲೆ ನಿಧಾನವಾಗಿ ಉಷ್ಣತೆ ಇಳಿಸುತ್ತಾ, ಒಂದೊಂದು ಹಂತದಲ್ಲಿ ಒಂದಷ್ಟು ಟ್ಯೂಬುಗಳನ್ನು ಹೊರತೆಗೆದು ಕರಗಲು ಬಿಡುತ್ತಾರೆ. ಪೊರೆ ಹರಿದ ಕೋಶಗಳಿಂದ ಉಪ್ಪು ಸೋರಿ ನೀರಿಗೆ ಬಂದಿರುತ್ತದೆ. ವಿದ್ಯುತ್ ಎಷ್ಟು ಸಲೀಸಾಗಿ ಹರಿಯುತ್ತದೆ ನೋಡಿದರೆ ಸೋರಿಕೆ ಎಷ್ಟು ಅಂತ ಗೊತ್ತಾಗುತ್ತದೆ. ಅರ್ಧ ಉಪ್ಪು ಸೋರಿದ ಉಷ್ಣತೆಯೇ ಆ ಗಿಡದ ಮಿತಿ. ಎಲೆಯನ್ನು ಕೊಲ್ಲುವುದು ಕೋಶದೊಳಗಿನ ಐಸ್ ಅಲ್ಲ ಅನ್ನುವುದನ್ನೂ ನೆನಪಿಡಬೇಕು. ಐಸ್ ಮೊದಲು ಕಟ್ಟುವುದು ಕೋಶಗಳ ನಡುವಿನ ಸಂದಿಯಲ್ಲಿ. ಅದು ಕೋಶದ ನೀರನ್ನೆಲ್ಲ ಹೊರಗೆ ಎಳೆಯುತ್ತದೆ. ಎಲೆ ಚಳಿಯಲ್ಲಿ ಒಣಗಿ ಸಾಯುತ್ತದೆ.

ಇಂಥ ಪರೀಕ್ಷೆಯಲ್ಲಿ ಸ್ವೀಡನ್ ಗಿಡವೇ ಮುಂದೆ ಬಂತು. 2015ರಲ್ಲಿ ಥೊಮಾಶೋ, ಶೆಮ್‌ಸ್ಕೆ ತಂಡ ಜೀನನ್ನೂ ಹಿಡಿಯಿತು: ಇಟಲಿಯ ಗಿಡದ ಸಿಬಿಎಫ್-2 ಕೆಟ್ಟಿದೆ. ಅದರಿಂದ ತಯಾರಾಗುವ ಪ್ರೋಟೀನ್ ಕೆಲಸಕ್ಕೆ ಬಾರದ್ದು. ಸ್ವೀಡನ್ನಿನ ಒಳ್ಳೆಯ ಸಿಬಿಎಫ್-2 ಹಾಕಿಕೊಟ್ಟರೆ ಇಟಲಿಯ ಗಿಡದ ತಾಳಿಕೆ ಹೆಚ್ಚುತ್ತದೆ.

ದ್ಯುತಿಸಂಶ್ಲೇಷಣೆಯ ಕಡೆಯಿಂದಲೂ ಸಾಕ್ಷಿ ಬಂತು. ಕೊಲೊರಾಡೊದಲ್ಲಿ ವಿಲಿಯಂ ಆಡಮ್ಸ್ ಮತ್ತು ಡೆಮಿಗ್-ಆಡಮ್ಸ್ (1987ರ ಅದೇ ಬಾರ್ಬರಾ) ಈ ಗಿಡಗಳ ಎಲೆಗಳನ್ನು ಅಡ್ಡಕ್ಕೆ ಸೀಳಿ ನೋಡಿದರು. ತಂಪಿನಲ್ಲಿ ಬೆಳೆಸಿದಾಗ ಸ್ವೀಡನ್ ಗಿಡದ ಎಲೆ ದಪ್ಪಗಾಗುತ್ತದೆ. ಸಕ್ಕರೆ ಸಾಗಿಸುವ ನಾಳಗಳಲ್ಲಿ ಕೋಶಗಳ ಸಂಖ್ಯೆ ಹೆಚ್ಚುತ್ತದೆ. ಕೊಪ್ಪರಿಗೆಯ ಜೊತೆಗೆ ಬೆಲ್ಲದ ಗಾಡಿಗಳನ್ನೂ ಅದು ಹೆಚ್ಚಿಸಿಕೊಂಡಿತ್ತು. ಇಟಲಿಯ ಗಿಡ ಪ್ರತಾಪ ತೋರಿಸುವುದು ಸೆಕೆಯಲ್ಲಿ: ಅದು ನೀರಿನ ನಾಳಗಳನ್ನು ಹೆಚ್ಚಿಸಿಕೊಳ್ಳುತ್ತದೆ.

2018ರಲ್ಲಿ ಕ್ರಿಸ್ಟೊಫರ್ ಓಕ್ಲಿ ಮತ್ತು ಜೊತೆಗಾರರು ಎರಡೂ ಗಿಡಗಳನ್ನು ಕೂಡಿಸಿ ಪಡೆದ 495 ಬೆರಕೆ ತಳಿಗಳನ್ನು ಚಳಿಯಲ್ಲಿಟ್ಟು, ಕ್ಯಾಮೆರಾದಲ್ಲಿ ಎಲೆಗಳ ಹೊಳಪು ಅಳೆದರು. ಪತ್ರಹರಿತ್ತು ಬಳಸಲಾಗದ ಬೆಳಕಿನ ಒಂದು ಚೂರನ್ನು ಕೆಂಪಾಗಿ ವಾಪಸ್ ಹೊಳೆಯಿಸುತ್ತದೆ. ನಮ್ಮ ಕಣ್ಣಿಗೆ ಕಾಣದು, ಕ್ಯಾಮೆರಾಕ್ಕೆ ಕಾಣುತ್ತದೆ. ಅದರಿಂದ ಫೋಟೋಸಿಸ್ಟಮ್-2 ಎಷ್ಟು ಗಟ್ಟಿಯಾಗಿದೆ ಅಂತ ಲೆಕ್ಕ ಹಾಕಬಹುದು. ಆರೋಗ್ಯವಂತ ಎಲೆಯಲ್ಲಿ ಆ ಅಂಕಿ 0.83ರ ಸುಮಾರು. ಚಳಿಯಲ್ಲಿ ಸ್ವೀಡನ್ ಗಿಡದ ಅಂಕಿ ಇಟಲಿಯದಕ್ಕಿಂತ ಮೇಲಿತ್ತು. ಬೆಳಕು ಚೆಲ್ಲುವ ಕವಾಟವೂ ಅದರದ್ದೇ ಚುರುಕು. ಬೆಳಕಿಗೆ ಸಂಬಂಧಿಸಿದ ಈ ಗುಣಗಳ ಜೀನ್ ಜಾಗಗಳಲ್ಲಿ ಆರು, ಹೊಲದಲ್ಲಿ ಗೆಲುವು-ಸೋಲು ನಿರ್ಧರಿಸುತ್ತವೆ ಎಂದು ಹಿಂದೆಯೇ ಗುರುತಿಸಿದ್ದ ಜೀನ್ ಜಾಗಗಳ ಮೇಲೇ ಬಿದ್ದವು.

ಇಲ್ಲಿಗೆ ಪ್ರಕರಣ ಮುಗಿಯಿತು, ತಪ್ಪಿತಸ್ಥ ಸಿಕ್ಕ ಅನ್ನಿಸುತ್ತದೆ ಅಲ್ವಾ? ನನಗೂ ಮೊದಲ ಸಲ ಹಾಗೇ ಅನ್ನಿಸಿತ್ತು.

ಲೆಕ್ಕ ತಪ್ಪಿದ್ದು

2018ರಲ್ಲೇ ಥೊಮಾಶೋ ತಂಡ ಜೀನುಗಳನ್ನು ತಿದ್ದುವ ಕ್ರಿಸ್ಪರ್ ಎಂಬ ಕತ್ತರಿ ಹಿಡಿದು ಎರಡೂ ಗಿಡಗಳ ಮೂರೂ ಸಿಬಿಎಫ್ ಜೀನುಗಳನ್ನು ಕೆಡಿಸಿತು. ವ್ಯತ್ಯಾಸವೆಲ್ಲ ಸಿಬಿಎಫ್‌ನದ್ದೇ ಆಗಿದ್ದರೆ ಈಗ ಎರಡೂ ಸಮ ಆಗಬೇಕಿತ್ತು. ಆಗಲಿಲ್ಲ. ಮೂರೂ ಮೇಸ್ತ್ರಿಗಳನ್ನು ಕಳೆದುಕೊಂಡ ಮೇಲೂ ಸ್ವೀಡನ್ ಗಿಡ ಇಟಲಿಯದಕ್ಕಿಂತ ಜಾಸ್ತಿ ಚಳಿ ತಡೆಯಿತು. ಸಿಬಿಎಫ್‌ಗೆ ಸಂಬಂಧವಿಲ್ಲದ ಬೇರೆ ದಾರಿಯೂ ಅದಕ್ಕಿತ್ತು.

2022ರಲ್ಲಿ ಕೊಲೊರಾಡೊ ತಂಡ ಅದೇ ಕೆಡಿಸಿದ ಗಿಡಗಳನ್ನು ತಂಪು ಮತ್ತು ಜೋರು ಬೆಳಕಿನಲ್ಲಿ ಮೊಳಕೆಯಿಂದಲೇ ಬೆಳೆಸಿತು. ದ್ಯುತಿಸಂಶ್ಲೇಷಣೆಯನ್ನು ಏರಿಸಿಕೊಳ್ಳುವ ವಿಷಯದಲ್ಲಿ ಸಿಬಿಎಫ್ ಇಲ್ಲದ್ದು ಯಾರಿಗೆ ಜಾಸ್ತಿ ಪೆಟ್ಟು ಕೊಟ್ಟಿತು ಅಂತೀರಿ? ಇಟಲಿಯ ಗಿಡಕ್ಕೆ! ಮೂರರಲ್ಲಿ ಒಂದು ಮೊದಲೇ ಕೆಟ್ಟಿದ್ದರೂ ಉಳಿದೆರಡರ ಮೇಲೇ ಅದು ನಿಂತಿತ್ತು. ಇಟಲಿಯ ಗಿಡದ ದಾರಿ ಆಗಾಗ ಬಂದು ಹೋಗುವ ಚಳಿಯನ್ನು ತಡೆದುಕೊಳ್ಳುವಂಥದ್ದು, ಸ್ವೀಡನ್ನಿನದು ಬಿಡದೆ ಇರುವ ಚಳಿಯಲ್ಲೇ ಬೆಳೆಯುವಂಥದ್ದು ಎಂದು ಅವರು ಓದಿಕೊಂಡರು. ನೆಂಟರು ಬಂದಾಗ ಮಾತ್ರ ದೊಡ್ಡ ಪಾತ್ರೆ ಇಳಿಸುವ ಮನೆಗೂ ದಿನಾ ನೂರು ಜನಕ್ಕೆ ಅಡುಗೆ ಮಾಡುವ ಛತ್ರಕ್ಕೂ ಇರುವ ವ್ಯತ್ಯಾಸ ಇದು.

ಇಷ್ಟಾದರೂ ಒಂದು ಪ್ರಶ್ನೆ ಹಾಗೇ ಉಳಿಯುತ್ತದೆ. ಕೆಟ್ಟ ಜೀನನ್ನು ಇಟಲಿಯ ಗಿಡ ಯಾಕೆ ಇಟ್ಟುಕೊಂಡಿದೆ? ಸುಮ್ನೆ, ಬೇಡವಾದ್ದರಿಂದ ತುಕ್ಕು ಹಿಡಿಯಿತೇ? ಅಥವಾ ಕೆಟ್ಟಿರುವುದರಿಂದಲೇ ಲಾಭವೇ?

ಸುಳಿವು ಮೊದಲಿಂದ ಇತ್ತು. ಸಿಬಿಎಫ್ ಜೀನನ್ನು ಸದಾ ಚಾಲೂ ಇಟ್ಟ ಗಿಡಗಳು ಹಿಮಕ್ಕೆ ಜಗ್ಗುವುದಿಲ್ಲ, ಆದರೆ ಗಿಡ್ಡಗಾಗುತ್ತವೆ, ತಡವಾಗಿ ಹೂ ಬಿಡುತ್ತವೆ. ಬೆಳವಣಿಗೆಗೆ ಬ್ರೇಕ್ ಹಾಕುವ ಡೆಲ್ಲಾ ಎಂಬ ಪ್ರೋಟೀನುಗಳು ಅವುಗಳಲ್ಲಿ ಸೇರಿಕೊಳ್ಳುತ್ತವೆ. ಸ್ವೆಟರ್ ಹೆಣೆಯಲು ಕೂತವರು ಹೊಲಕ್ಕೆ ಹೋಗಲು ಆಗುವುದಿಲ್ಲ. 2016ರಲ್ಲಿ ಇನ್ನೊಂದು ತಂಡ ಬೇರೆ ಬೇರೆ ಊರಿನ ಅರಬಿಡಾಪ್ಸಿಸ್ ಜೀನೋಮುಗಳನ್ನು ಜಾಲಾಡಿತು. ಸಿಬಿಎಫ್ ಕೆಟ್ಟ ಗಿಡಗಳು ಅಲ್ಲಲ್ಲಿ ಬೇರೆ ಬೇರೆಯಾಗಿ ಹುಟ್ಟಿದ್ದವು, ಸಿಕ್ಕಿದ್ದು ಮಾತ್ರ ಹೆಚ್ಚಾಗಿ ಬೆಚ್ಚನೆಯ ಊರುಗಳಲ್ಲೇ.

ಖಚಿತ ಉತ್ತರ ಬಂದಿದ್ದು 2024ರಲ್ಲಿ. ಓಕ್ಲಿ ತಂಡ ಸಿಬಿಎಫ್-2 ಇರುವ ತುಣುಕನ್ನು ಮಾತ್ರ ಅದಲು ಬದಲು ಮಾಡಿದ ತಳಿಗಳನ್ನು ಮತ್ತೆ ಅದೇ ಎರಡು ಜಾಗಗಳಲ್ಲಿ ನೆಟ್ಟು ಐದು ವರ್ಷ ಕಾಯಿ ಎಣಿಸಿತು. ಒಳಕೋಣೆಯಲ್ಲಿ ಆ ಊರುಗಳ ಹವೆಯನ್ನೇ ಅನುಕರಿಸಿ, ಜೀನನ್ನಷ್ಟೇ ತಿದ್ದಿದ ಗಿಡಗಳಲ್ಲಿ ಅದನ್ನೇ ಪರೀಕ್ಷಿಸಿತು. ಸ್ವೀಡನ್ ಗಿಡಕ್ಕೆ ಇಟಲಿಯ ಕೆಟ್ಟ ಸಿಬಿಎಫ್-2 ಕೊಟ್ಟರೆ ಅದರ ಊರಿನಲ್ಲಿ ಫಲ ಶೇಕಡ 10ಕ್ಕಿಂತ ಹೆಚ್ಚು ಇಳಿಯಿತು, ಮುಖ್ಯವಾಗಿ ಗಿಡಗಳು ಸತ್ತಿದ್ದರಿಂದ. ಇಟಲಿಯ ಗಿಡಕ್ಕೆ ಸ್ವೀಡನ್ನಿನ ಒಳ್ಳೆಯ ಸಿಬಿಎಫ್-2 ಕೊಟ್ಟರೆ ಅದರ ಊರಿನಲ್ಲಿ ಫಲ ಶೇಕಡ 20ಕ್ಕಿಂತ ಹೆಚ್ಚು ಇಳಿಯಿತು. ಅಲ್ಲಿ ನಷ್ಟವಾಗಿದ್ದು ಮುಖ್ಯವಾಗಿ ಇಳುವರಿಯಲ್ಲಿ. ಬಾರದ ಹಿಮಕ್ಕೆ ಹೆದರಿ ತಯಾರಿ ಮಾಡಿಕೊಂಡ ಗಿಡಕ್ಕೆ ಬೀಜ ಕಟ್ಟಲು ಉಳಿದದ್ದು ಕಡಿಮೆ.

ರಿಪೇರಿ ಮಾಡಿದ ಜೀನಿಗೆ ತೆತ್ತ ಬೆಲೆ ಕೆಟ್ಟ ಜೀನಿಗಿಂತ ದೊಡ್ಡದು, ನೋಡಿ. ಸರಾಸರಿಯ ಆಚೆಗೂ ಒಂದು ವಿಷಯವಿದೆ. ಈ ಲಾಭ-ನಷ್ಟ ಎಲ್ಲ ವರ್ಷವೂ ಒಂದೇ ಸಮ ಇರಲಿಲ್ಲ. ಕೆಲವು ವರ್ಷ ತುಂಬಾ ಜೋರು, ಕೆಲವು ವರ್ಷ ಅಷ್ಟೇನಿಲ್ಲ. ಅದಕ್ಕೇ ಒಂದೇ ಚಳಿಗಾಲ ನೋಡಿ ಮನೆಗೆ ಹೋಗಿದ್ದರೆ ಈ ಜೀನು ಅವರ ಕಣ್ಣಿಗೆ ಬೀಳದೆಯೂ ಇರಬಹುದಿತ್ತು.